ಗಾಂಧಿ ಬಜಾರಾ, ಮಲ್ಲೇಶ್ವರವಾ? ಎರಡು ಭಾನುವಾರದ ಲೆಕ್ಕ

ಶಿವಮೊಗ್ಗದಿಂದ ತಂಗಿ ಫೋನ್ ಮಾಡಿದ್ದಳು. "ಹಬ್ಬದ ಹೊತ್ತಿಗೆ ಬೆಂಗಳೂರಿಗೆ ಬರ್ತೀನಿ ಅಕ್ಕ, ಸುತ್ತಾಡೋಕೆ ಒಂದು ಬೆಳಿಗ್ಗೆ ಮಾತ್ರ ಸಿಗುತ್ತೆ. ತಿಂಡಿಗೆ ಗಾಂಧಿ ಬಜಾರಾ, ಮಲ್ಲೇಶ್ವರವಾ?" ನಾನು ಯೋಚನೆ ಮಾಡದೆ ಗಾಂಧಿ ಬಜಾರ್ ಅಂದೆ. ಗಾಂಧಿ ಬಜಾರ್ ಇರುವ ಬಸವನಗುಡಿಯವಳು ಇನ್ನೇನು ಹೇಳಲಿ? ಆಮೇಲೆ ಕಸಿವಿಸಿ ಆಯಿತು. ಮಲ್ಲೇಶ್ವರದಲ್ಲಿ ದೋಸೆ ತಿಂದು ಎಷ್ಟೋ ವರ್ಷ ಆಗಿತ್ತು. ಹಾಗಾಗಿ ಸಂಕ್ರಾಂತಿಗೆ ಮುಂಚಿನ ಎರಡು ಭಾನುವಾರ ಒಂದೊಂದು ಕಡೆ ಹೋದೆ. ಖಾಲಿ ಹೊಟ್ಟೆ, ಖಾಲಿ ಚೀಲ.

ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಹೋಟೆಲ್ 1943ರದ್ದು. ಶುಕ್ರವಾರ ರಜೆ, ನೆನಪಿರಲಿ. ಹೆಸರು ಕೊಟ್ಟು ಹೊರಗೆ ಕಾಯಬೇಕು. ಒಳಗೆ ಗೋಡೆ ಮೇಲೆ ಸಾಹಿತಿಗಳ ಚಿತ್ರ, ಕೆಳಗೆ ಗುರುತಿಲ್ಲದವರ ಜೊತೆ ಒಂದೇ ಟೇಬಲ್. ಪಂಚೆ ಉಟ್ಟವರು ದೋಸೆ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ತೋಳಿನ ಮೇಲೆ ಹೊತ್ತು ತರುತ್ತಾರೆ. ಅದನ್ನು ನೋಡುವುದಕ್ಕೇ ಅರ್ಧ ಜನ ಬರುತ್ತಾರೇನೋ. ದೋಸೆ ದಪ್ಪ, ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಸಾಂಬಾರ್ ಕೇಳಬೇಡಿ. ಚಟ್ನಿ ಮಾತ್ರ, ಅದನ್ನು ಧಾರಾಳವಾಗಿ ಸುರಿಯುತ್ತಾರೆ.

ಮಲ್ಲೇಶ್ವರದ ಸಿಟಿಆರ್ (ಸೆಂಟ್ರಲ್ ಟಿಫಿನ್ ರೂಂ) ಹೋಟೆಲಿಗೆ ಈಗ ಬೋರ್ಡಿನಲ್ಲಿರುವ ಹೆಸರು ಶ್ರೀ ಸಾಗರ್. ಆ ಹೆಸರಲ್ಲಿ ಕರೆಯುವವರನ್ನು ನಾನಂತೂ ನೋಡಿಲ್ಲ. ಇಲ್ಲಿಯೂ ಕಾಯುವುದು ತಪ್ಪುವುದಿಲ್ಲ. ಬೆಣ್ಣೆ ಮಸಾಲೆ ಬಂದಾಗ ಮೊದಲು ಮೂಗಿಗೆ ಗೊತ್ತಾಗುತ್ತದೆ. ಕಂದು ಬಣ್ಣ, ಮುರಿದರೆ ಸದ್ದು. ನನಗೆ ದೋಸೆಯಲ್ಲಿ ಬೇಕಾದದ್ದು ಆ ಸದ್ದು. ಬಸವನಗುಡಿಯವರು ಬೈಯಲಿ, ದೋಸೆ ಮಲ್ಲೇಶ್ವರದ್ದೇ.

ಇಡ್ಲಿಗೆ ಬಂದರೆ ಮಾತು ಬೇರೆ. ಮಲ್ಲೇಶ್ವರದ ವೀಣಾ ಸ್ಟೋರ್ಸ್‌ನಲ್ಲಿ ಇಡ್ಲಿ ಜೊತೆ ಶಾವಿಗೆ ಬಾತ್ ಕೂಡ ಸಿಗುತ್ತದೆ. ಬಸವನಗುಡಿ ಪಕ್ಕದ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಭಾನುವಾರ ರಜೆ, ಹಾಗಾಗಿ ಇನ್ನೊಂದು ದಿನ ಹೋದೆ. ಅಲ್ಲಿ ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಅಷ್ಟೇ. ಎರಡೂ ಕಡೆ ನಿಂತೇ ತಿನ್ನಬೇಕು. ಆದರೆ ಬ್ರಾಹ್ಮಿನ್ಸ್‌ನ ಆ ಚಟ್ನಿ! ಮೂರು ಸಲ ಹಾಕಿಸಿಕೊಂಡೆ. ಇಡ್ಲಿ ಸುಮ್ನೆ ನೆಪ.

ಈಗ ಚೀಲದ ವಿಷಯ. ಚಳಿಗಾಲ ಅಂದರೆ ಅವರೆಕಾಯಿ. ಕಾಯಿಯನ್ನು ಕೈಯಲ್ಲಿ ಉಜ್ಜಿದರೆ ಸೊಗಡು ಅಂಟಿಕೊಳ್ಳಬೇಕು, ಇಲ್ಲದಿದ್ದರೆ ಮುಂದೆ ನಡೆಯಿರಿ. ಮಲ್ಲೇಶ್ವರದ ಎಂಟನೇ ಕ್ರಾಸ್‌ನಲ್ಲಿ ಒಳ್ಳೆ ಕಾಯಿ ಸಿಕ್ಕಿತು. ಆದರೆ ಅಲ್ಲಿ ನಡೆಯುವುದು ಅಂದರೆ ನೂಕಿಸಿಕೊಳ್ಳುವುದು. ಹೂವು, ಬಟ್ಟೆ, ಪಾತ್ರೆ, ಬಾಳೆಎಲೆ ಎಲ್ಲಾ ಒಂದೇ ಉಸಿರಿನಲ್ಲಿ. ಕಾಲ ಬಳಿ ಮಾಗಳಿ ಬೇರು ಕಂಡು ಬಗ್ಗುವಷ್ಟರಲ್ಲಿ ಹಿಂದಿನವರು ಮುಂದಕ್ಕೆ ತಳ್ಳಿಬಿಟ್ಟರು. ಉಪ್ಪಿನಕಾಯಿ ಹೋಯಿತು.

ಗಾಂಧಿ ಬಜಾರಿನಲ್ಲಿ ನಿಂತು ನೋಡುವುದಕ್ಕೆ ಸ್ವಲ್ಪ ಜಾಗ ಇದೆ. ಸಕ್ಕರೆ ಅಚ್ಚು ಅಲ್ಲಿಯೇ ಆರಿಸಿದೆ. ಎಳ್ಳು, ಹುರಿಗಡಲೆ, ಕಡಲೆಬೀಜ, ಸಣ್ಣಗೆ ಹೆಚ್ಚಿದ ಕೊಬ್ಬರಿ, ಅಚ್ಚು ಬೆಲ್ಲ ಬೇರೆ ಬೇರೆ ತೂಗಿಸಿಕೊಂಡೆ. ಎಲ್ಲಾ ಬೆರೆಸಿಟ್ಟ ಪ್ಯಾಕೆಟ್ ಕೊಳ್ಳಬೇಡಿ, ನನ್ನ ಕೈಗೆ ಬಂದದ್ದರಲ್ಲಿ ಕಡಲೆಯೇ ಮುಕ್ಕಾಲು ಭಾಗ ಇತ್ತು. ಸುಬ್ಬಮ್ಮನ ಅಂಗಡಿಯಲ್ಲಿ ಕೋಡುಬಳೆ, ಹಪ್ಪಳ. ಕೋಡುಬಳೆ ಮನೆ ಸೇರುವ ಹೊತ್ತಿಗೆ ನಾಲ್ಕು ಕಡಿಮೆ ಆಗಿತ್ತು, ಹೇಗೆ ಅಂತ ಕೇಳಬೇಡಿ. ಒಂದು ಪೆಟ್ಟೂ ಬಿತ್ತು. ಎರಡರಲ್ಲಿ ಒಂದು ಪೇಟೆಯಲ್ಲಿ ಕೊಂಡ ಹಿತಕಿದ ಬೇಳೆ ಮೇಲೆ ಮುತ್ತಿನ ಹಾಗಿತ್ತು, ಮನೆಯಲ್ಲಿ ಸುರಿದರೆ ಅಡಿಯಲ್ಲಿ ಹುಳಿ ವಾಸನೆ. ಯಾವ ಪೇಟೆ ಅಂತ ಹೇಳಲ್ಲ. ಬಿಡಿಸಿದ ಬೇಳೆಯನ್ನು ಕೈ ಹಾಕಿ ತಳದಿಂದ ನೋಡಬೇಕು ಅಂತ ಅಮ್ಮ ಹೇಳಿದ್ದು ಆಗ ನೆನಪಾಯಿತು. ಇಷ್ಟಾದರೂ ಸಂತೆ ಅಂದರೆ ನನಗೆ ಗಾಂಧಿ ಬಜಾರ್.

ನಿಜ ಹೇಳಬೇಕಂದರೆ ಆರಿಸುವ ಕಷ್ಟವೇ ಬೇಡ. 1898ರ ಪ್ಲೇಗ್‌ಗೆ ಹೆದರಿ ಹಳೇ ಪೇಟೆ ಬಿಟ್ಟ ಜನ ನೆಲೆಸಿದ ಬಡಾವಣೆಗಳು ಇವೆರಡೂ, ಮಲ್ಲೇಶ್ವರ ಉತ್ತರಕ್ಕೆ, ಬಸವನಗುಡಿ ದಕ್ಷಿಣಕ್ಕೆ. ಈಗ ಎರಡಕ್ಕೂ ಮೆಟ್ರೋದ ಹಸಿರು ಮಾರ್ಗ. ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ಹತ್ತಿದರೆ ಮೆಜೆಸ್ಟಿಕ್, ಚಿಕ್ಕಪೇಟೆ, ಕೆ.ಆರ್. ಮಾರ್ಕೆಟ್ ದಾಟಿ ಗಾಂಧಿ ಬಜಾರ್ ಹತ್ತಿರದ ನ್ಯಾಷನಲ್ ಕಾಲೇಜಿನಲ್ಲಿ ಇಳಿಯಬಹುದು. ದೋಸೆ ಅಲ್ಲಿ, ಚೀಲ ಇಲ್ಲಿ. ತಂಗಿಗೆ ಹಾಗೇ ಬರೆದುಕೊಟ್ಟೆ.

ಅವಳು ಸಿಟಿಆರ್‌ನಲ್ಲಿ ಎರಡು ದೋಸೆ ತಿಂದು ಮೆಟ್ರೋ ಹತ್ತಿದಳು. ಕೆ.ಆರ್. ಮಾರ್ಕೆಟ್‌ನಲ್ಲೇ ಇಳಿದುಬಿಟ್ಟಳು. ಸೇವಂತಿಗೆ ಅಲ್ಲಿ ಅಗ್ಗವಂತೆ.