ಮೂರು ತಿಂಗಳು ಡಬ್ಬದ ಹಾಲು ಕುಡಿದು ನೀಲಿ ಪ್ಯಾಕೆಟ್‌ಗೆ ವಾಪಸ್ ಬಂದೆ

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಮನೆಗೆ ನಂದಿನಿ ನೀಲಿ ಪ್ಯಾಕೆಟ್ ವಾಪಸ್ ಬಂದಿದೆ. ರಾತ್ರಿ ಒಂದು ಲೋಟ ಹಾಲು ಕುಡಿದರೆ ನನಗೆ ಹೊಟ್ಟೆಯುಬ್ಬರ. ಲ್ಯಾಕ್ಟೋಸ್, ಅಂದರೆ ಹಾಲಿನಲ್ಲಿರುವ ಸಕ್ಕರೆ, ಒಗ್ಗುತ್ತಿಲ್ಲ ಅಂದರು ಡಾಕ್ಟರು. ಸರಿ ಅಂತ ಗಿಡಮೂಲದ ಹಾಲಿಗೆ ಕೈ ಹಾಕಿದ್ದೆ.

ಮೊದಲು ತಂದದ್ದು ಬಾದಾಮಿಯದ್ದು. ಲೀಟರಿಗೆ ಮುನ್ನೂರು ರೂಪಾಯಿ ಹತ್ತಿರ. ಮನೆಗೆ ಬಂದು ಡಬ್ಬದ ಹಿಂದೆ ಓದಿದರೆ ಬಾದಾಮಿ ಬರೀ 2.5%! ಅಂದರೆ 200 ಎಂಎಲ್ ಲೋಟಕ್ಕೆ 5 ಗ್ರಾಂ, ಎಣಿಸಿದರೆ ನಾಲ್ಕು ಬಾದಾಮಿ. ಪ್ರೋಟೀನ್ ಸುಮಾರು ಒಂದು ಗ್ರಾಂ. ಅದೇ ಲೋಟ ಹಸುವಿನ ಹಾಲಿನಲ್ಲಿ ಆರು ಗ್ರಾಂ ಮೇಲಿರುತ್ತದೆ. ನಾಲ್ಕು ಬಾದಾಮಿ ನೆನೆಹಾಕಿ ತಿಂದಿದ್ದರೆ ಸಾಕಿತ್ತು, ಅಲ್ವಾ? (ಮದುವೆಮನೆಯ ಬಾದಾಮಿ ಹಾಲಿನ ಮಾತು ಬೇರೆ, ಅದರಲ್ಲಿ ಹಾಲೇ ಇರುತ್ತದೆ.)

ಓಟ್ಸ್‌ನದ್ದು ಕಾಫಿಗೆ ಚೆನ್ನಾಗಿತ್ತು. ಆದರೆ ಪಿಷ್ಟ ಒಡೆದು ಮಾಡುವುದರಿಂದ ಸಕ್ಕರೆ ಹಾಕದಿದ್ದರೂ ಸಿಹಿ. ಅಪ್ಪನಿಗೆ ಶುಗರ್ ಇದೆ. ಒಂದೇ ಡಬ್ಬಕ್ಕೆ ನಿಲ್ಲಿಸಿದೆ.

ಸೋಯಾ ಮಾತ್ರ ಸರಿಸಾಟಿ. ಪ್ರೋಟೀನ್ ಹೆಚ್ಚುಕಡಿಮೆ ಹಸುವಿನ ಹಾಲಿನಷ್ಟೇ. ಕ್ಯಾಲ್ಸಿಯಂ ಕೂಡ 100 ಎಂಎಲ್‌ಗೆ 120 ಮಿಲಿಗ್ರಾಂ ಅಂತ ಬರೆದಿತ್ತು, ಅಲ್ಲಿಗೆ ಲೆಕ್ಕ ಸಮ. ನಾಲ್ಕು ದಿನ ಖುಷಿಯಾಗಿ ಕುಡಿದೆ. ಐದನೇ ದಿನ ಕೊನೆಯ ಲೋಟ ಬಗ್ಗಿಸಿದಾಗ ಬಿಳಿ ಕೆಸರಿನಂಥದ್ದು ಬಿತ್ತು. ನಾಲಿಗೆಗೆ ಥೇಟ್ ಸೀಮೆಸುಣ್ಣ.

ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ. ಸೋಯಾದಲ್ಲಿ ತಾನಾಗಿ ಇರುವ ಕ್ಯಾಲ್ಸಿಯಂ ಸ್ವಲ್ಪವೇ, ಉಳಿದದ್ದನ್ನು ಪುಡಿಯಾಗಿ ಬೆರೆಸಿರುತ್ತಾರೆ. ನನ್ನ ಡಬ್ಬದಲ್ಲಿದ್ದದ್ದು ಕ್ಯಾಲ್ಸಿಯಂ ಕಾರ್ಬೊನೇಟ್. ಅದು ನೀರಲ್ಲಿ ಕರಗುವುದಿಲ್ಲ, ತಳಕ್ಕೆ ಕೂರುತ್ತದೆ. ಹಸುವಿನ ಹಾಲಿನಲ್ಲಿ ಹೆಚ್ಚಿನ ಕ್ಯಾಲ್ಸಿಯಂ ಪ್ರೋಟೀನಿಗೆ ಅಂಟಿಕೊಂಡೇ ಇರುವುದರಿಂದ ಈ ತಾಪತ್ರಯ ಇಲ್ಲ.

ಮುಂದಿನ ಡಬ್ಬವನ್ನು ದಿನಾ ಅಲ್ಲಾಡಿಸಿದೆ. ತುಂಬಿದ ಡಬ್ಬದೊಳಗೆ ಕುಲುಕಲು ಜಾಗವೇ ಇಲ್ಲ. ಒಮ್ಮೆ ಮುಚ್ಚಳ ಸಡಿಲವಾಗಿದ್ದು ಅಡುಗೆಕಟ್ಟೆಯೆಲ್ಲ ಸೋಯಾ ಆಯಿತು. ಖಾಲಿಯಾದ ಮೇಲೆ ಕತ್ತರಿಯಲ್ಲಿ ಕೊಯ್ದು ನೋಡಿದರೆ ಮೂಲೆಗಳಲ್ಲಿ ಇನ್ನೂ ಬಿಳಿ ಪದರ. ಡಬ್ಬದ ಮೇಲಿನ ಲೆಕ್ಕ ಡಬ್ಬದಲ್ಲೇ ಉಳಿದಿತ್ತು! ಅಜ್ಜಿ ಅದನ್ನು ನೋಡಿ, "ಸುಣ್ಣ ಬೇಕಿದ್ರೆ ಎಲೆಯಡಿಕೆ ಹಾಕ್ಕೊಳ್ಳೇ, ಇಷ್ಟು ದುಡ್ಡು ಯಾಕೆ ಸುರೀತೀಯ" ಅಂದರು.

ಇನ್ನೊಂದು ವಿಷಯ ವಿಟಮಿನ್ ಬಿ12. ಗಿಡಮೂಲದ ಹಾಲಿನಲ್ಲಿ ಅದನ್ನು ಬೇರೆಯಾಗಿ ಸೇರಿಸಬೇಕು. ನಮ್ಮ ಮನೆಯಲ್ಲಿ ಮೊಟ್ಟೆಯೂ ಇಲ್ಲ. ಬಿ12 ಸಿಗುವುದು ಹಾಲು ಮೊಸರಿನಿಂದಲೇ.

ಹಾಗಾದರೆ ನನ್ನ ಹೊಟ್ಟೆ? ಹೆಪ್ಪು ಹಾಕಿದರೆ ಲ್ಯಾಕ್ಟೋಸ್‌ನಲ್ಲಿ ಒಂದಿಷ್ಟನ್ನು ಬ್ಯಾಕ್ಟೀರಿಯಾಗಳೇ ತಿಂದುಬಿಡುತ್ತವೆ. ಈಗ ರಾತ್ರಿಯ ಲೋಟ ಬಂದ್. ಬೆಳಿಗ್ಗೆ ಅರ್ಧ ಲೋಟ ಕಾಫಿ, ಮಧ್ಯಾಹ್ನ ಒಂದು ಬಟ್ಟಲು ಮೊಸರು. ಉಬ್ಬರ ಇಲ್ಲ, ಖರ್ಚೂ ಇಳಿದಿದೆ.

ಫ್ರಿಜ್ಜಿನ ಬಾಗಿಲಲ್ಲಿ ಒಂದು ಸೋಯಾ ಡಬ್ಬ ಈಗಲೂ ಇದೆ. ಮಗಳ ಗೆಳತಿ ಹಾಲು ಮೊಸರು ಮುಟ್ಟುವುದಿಲ್ಲ. ಅವಳು ಬಂದ ದಿನ ಮುಚ್ಚಳ ಬಿಗಿ ಮಾಡಿ, ಚೆನ್ನಾಗಿ ಕುಲುಕಿ ಕೊಡುತ್ತೇನೆ.