ಮೀಟರಿನಲ್ಲಿ ಮಾತ್ರ ತಣ್ಣಗಾದ ಗಾಳಿ: ಇಂಟರ್‌ಕೂಲರ್ ಹಾಕಿಸಲು ಹೊರಟವರು ಒಮ್ಮೆ ಓದಿ

ನಿಮ್ಮ ಟರ್ಬೊ ಕಾರಿಗೆ ದೊಡ್ಡ ಇಂಟರ್‌ಕೂಲರ್ (ಟರ್ಬೊ ಒತ್ತಿ ಕಳಿಸುವ ಬಿಸಿ ಗಾಳಿಯನ್ನು ತಣ್ಣಗಾಗಿಸುವ ಭಾಗ) ಹಾಕಿ ಇನ್‌ಟೇಕ್ ಗಾಳಿಯ, ಅಂದರೆ ಎಂಜಿನ್ನಿನೊಳಕ್ಕೆ ಹೋಗುವ ಗಾಳಿಯ, ಉಷ್ಣಾಂಶ ಇಳಿಸಿಕೊಡುತ್ತೇವೆ ಎಂದು ಯಾರಾದರೂ ಹೇಳಿದ್ದರೆ, ಮುಂಗಡ ಕೊಡುವ ಮೊದಲು ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು 1,12,000 ರೂಪಾಯಿ ಕೊಟ್ಟು ತಂದದ್ದು ಒಂದು ರೂಪಾಯಿಯೂ ಬಾಳದ ರೆಸಿಸ್ಟರ್, ವಿದ್ಯುತ್ತಿನ ಹರಿವನ್ನು ತಡೆಯುವ ಪುಟ್ಟ ಬಿಡಿಭಾಗ. ಅದನ್ನು ಒಂಬತ್ತು ತಿಂಗಳು ಬಾನೆಟ್ಟಿನ ಕೆಳಗೆ ಇಟ್ಟುಕೊಂಡು, ಸಿಕ್ಕವರ ಮುಂದೆಲ್ಲ ಹೊಗಳಿಕೊಂಡು ತಿರುಗಿದೆ. ಬರೆಯಲು ನಾಚಿಕೆಯಾಗುತ್ತದೆ. ಆದರೆ ನನ್ನ ಮಾತು ನಂಬಿ ಸಹೋದ್ಯೋಗಿಯೊಬ್ಬರೂ ಅದೇ ಗ್ಯಾರೇಜಿಗೆ ಹೋಗಿ ಹೆಚ್ಚುಕಡಿಮೆ ಅಷ್ಟೇ ಹಣ ಸುರಿದು ಬಂದಿರುವುದರಿಂದ ಸುಮ್ಮನಿರುವುದು ಇನ್ನೂ ದೊಡ್ಡ ನಾಚಿಕೆಗೇಡು.

ನನ್ನದು ಸೆಕೆಂಡ್ ಹ್ಯಾಂಡ್ ಕೊಂಡ ಆಕ್ಟೇವಿಯಾ ಆರ್‌ಎಸ್, ಎರಡು ಲೀಟರ್ ಟರ್ಬೊ ಪೆಟ್ರೋಲ್. ಕಾರಿನ ಮೇಲೆ ನನಗೆ ಯಾವ ದೂರೂ ಇಲ್ಲ. ಟರ್ಬೊ ಇರುವ ಯಾವ ಕಾರಾದರೂ ಬೇಸಿಗೆಯ ಬೆಂಗಳೂರಿನಲ್ಲಿ ಬಳಲುವುದು ಸಹಜ. ಹೊರಗೆ 34 ಡಿಗ್ರಿ ಇರುವಾಗ ಗಾಳಿಯನ್ನು ಒಂದು ಬಾರ್ ಬೂಸ್ಟಿಗೆ ಒತ್ತಿದರೆ ಟರ್ಬೊದಿಂದ ಹೊರಬರುವ ಹೊತ್ತಿಗೆ ಅದು 120 ಡಿಗ್ರಿ ದಾಟಿರುತ್ತದೆ. ಅದನ್ನು ಇಂಟರ್‌ಕೂಲರ್ ಎಷ್ಟು ಇಳಿಸುತ್ತದೆಯೋ ಅಷ್ಟೇ ನಮ್ಮ ಭಾಗ್ಯ. ಗಾಳಿ ಬಿಸಿಯಾದಷ್ಟೂ ತೆಳ್ಳಗಾಗುತ್ತದೆ, ಎಂಜಿನ್ ನಾಕ್ ಆಗುವ (ಒಳಗಿನ ಇಂಧನ ತಾನಾಗಿಯೇ ಸಿಡಿಯುವ) ಸಂಭವ ಹೆಚ್ಚುತ್ತದೆ, ಇಸಿಯು (ಎಂಜಿನ್ನಿನ ಕಂಪ್ಯೂಟರ್) ಇಗ್ನಿಷನ್ ಟೈಮಿಂಗನ್ನು ಹಿಂದಕ್ಕೆಳೆಯುತ್ತದೆ, ಅಂದರೆ ಕಿಡಿಯನ್ನು ತಡವಾಗಿ ಹಾರಿಸುತ್ತದೆ, ಕಾರು ಮಂಕಾಗುತ್ತದೆ. ಕಳೆದ ವರ್ಷ ಏಪ್ರಿಲ್‌ನ ಒಂದು ಮಧ್ಯಾಹ್ನ ನೈಸ್ ರಸ್ತೆಯಲ್ಲಿ ಒಬಿಡಿ ಸ್ಕ್ಯಾನರ್ (ಕಾರಿನ ಸೆನ್ಸರುಗಳ ಅಂಕಿ ಓದಿ ತೋರಿಸುವ ಸಾಧನ) ಚುಚ್ಚಿಕೊಂಡು ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿದಾಗ ನನ್ನ ಮೀಟರ್ 58 ತೋರಿಸಿತು. ಹೊರಗೆ 34, ಒಳಗೆ 58. ಈ ಎರಡು ಅಂಕಿಗಳನ್ನು ಬರೆದಿಟ್ಟುಕೊಂಡದ್ದೊಂದೇ ಈ ಇಡೀ ವ್ಯವಹಾರದಲ್ಲಿ ನಾನು ಮಾಡಿದ ಬುದ್ಧಿವಂತ ಕೆಲಸ.

ಗ್ಯಾರೇಜಿನ ಹೆಸರು ಬರೆಯುವುದಿಲ್ಲ, ಕೇಸು ಹಾಕುತ್ತೇನೆಂದು ಮಾಲೀಕರು ಆಗಲೇ ಹೆದರಿಸಿದ್ದಾರೆ. ಒಳ್ಳೆಯ ಕಾಫಿ ಕೊಟ್ಟರು, ಗೋಡೆಯ ತುಂಬ ಕಾರುಗಳ ಫೋಟೊ ಇದ್ದವು, ಮಾತು ಜೇನಿನಂತಿತ್ತು. ದಪ್ಪ ಕೋರ್‌ನ ಇಂಟರ್‌ಕೂಲರ್, ಸಿಲಿಕೋನ್ ಹೋಸ್, ಪೈಪುಗಳಿಗೆ ಶಾಖ ತಡೆಯುವ ಪಟ್ಟಿ, ಕೂಲಿ, ಎಲ್ಲ ಸೇರಿ 1,12,000. "ಬಿಲ್ ಬೇಡ ಅಂದ್ರೆ ಜಿಎಸ್‌ಟಿ ಉಳಿಯುತ್ತೆ ಸರ್, ನಿಮ್ಮಿಷ್ಟ" ಎಂದರು. ನಾನು ಉಳಿಸಿದೆ! ಹಳೆಯ ಇಂಟರ್‌ಕೂಲರನ್ನು ಏನು ಮಾಡಲಿ ಎಂದು ಕೇಳಿದಾಗ "ಇನ್ನು ಅದ್ಯಾಕೆ ಸರ್, ಗುಜರಿಗೆ ಹಾಕ್ತೀವಿ" ಎಂದರು. ಅದಕ್ಕೂ ತಲೆಯಾಡಿಸಿದೆ.

ನಾಲ್ಕು ದಿನ ಬಿಟ್ಟು ಕಾರು ಬಂತು. ಅದೇ ರಸ್ತೆ, ಅದೇ ಗೇರು, ಹೊರಗೆ ಅದೇ 34 ಡಿಗ್ರಿ. ಮೀಟರ್ ಮಾತ್ರ 28ರಿಂದ 31ರ ನಡುವೆ ಆಡುತ್ತಿತ್ತು. ನಾನು ಕುಣಿದಾಡಿದೆ. ರಸ್ತೆ ಬದಿಗೆ ನಿಲ್ಲಿಸಿ ಫೋನಿನಲ್ಲೇ ಲೆಕ್ಕ ಹಾಕಿ, ಗಾಳಿ ಶೇಕಡಾ 9ರಷ್ಟು ಸಾಂದ್ರವಾಗಿದೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಕಾರು ಜೋರಾಗಿ ಎಳೆಯುತ್ತಿದೆ ಎಂದು ನನಗೆ ನಿಜವಾಗಿಯೂ ಅನ್ನಿಸಿತು, ಸೀಟು ಬೆನ್ನಿಗೆ ಒತ್ತಿದ್ದು ಗೊತ್ತಾಯಿತು ಎಂದು ಹೆಂಡತಿಗೆ ಹೇಳಿದ್ದೂ ಉಂಟು. ದುಡ್ಡು ಕೊಟ್ಟ ಮೇಲೆ ಮೈಗೆ ಏನೆಲ್ಲ ಅನ್ನಿಸುತ್ತದೆ ನೋಡಿ. ಡ್ಯಾಶ್‌ಬೋರ್ಡಿನ ಫೋಟೊ ತೆಗೆದು ಮಾಲೀಕರಿಗೆ ಕಳುಹಿಸಿ "ಸೂಪರ್ ಕೆಲಸ" ಎಂದು ಬರೆದೆ. ಆ ಫೋಟೊ ಮುಂದೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಈಗ ನಿಮ್ಮಲ್ಲಿ ಎಷ್ಟೋ ಜನ ನಗುತ್ತಿರಬಹುದು. ಹೊರಗಿನ ಗಾಳಿಯಿಂದ ತಣ್ಣಗಾಗುವ ಇಂಟರ್‌ಕೂಲರ್ ಒಳಗಿನ ಗಾಳಿಯನ್ನು ಹೊರಗಿನದಕ್ಕಿಂತ ತಣ್ಣಗೆ ಮಾಡಲು ಹೇಗೆ ಸಾಧ್ಯ? ಸಾಧ್ಯವೇ ಇಲ್ಲ. ನೀರು ಚಿಮುಕಿಸುವ, ಮೆಥನಾಲ್ ಸಿಂಪಡಿಸುವ ಏರ್ಪಾಡು ಇದ್ದರೆ ಅದು ಬೇರೆ ಮಾತು. ಹೊರಗೆ 34 ಇರುವಾಗ ಒಳಗೆ 28 ಎಂದರೆ ಅದು ಮೀಟರಿನ ಸುಳ್ಳು, ಅಷ್ಟೇ. ಹೈಸ್ಕೂಲಿನ ಮಕ್ಕಳಿಗೂ ಹೊಳೆಯಬೇಕಾದ ಈ ವಿಷಯ ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಓದಿದ ನನಗೆ ಹೊಳೆಯಲಿಲ್ಲ.

ಡಿಸೆಂಬರ್‌ನಲ್ಲಿ ಮಂಗಳೂರಿನಿಂದ ಹಿಂದಿರುಗುವಾಗ ಗುಂಡ್ಯ ದಾಟಿ ಶಿರಾಡಿ ಘಾಟಿಯ ಏರು ಹತ್ತುತ್ತಾ ಒಂದು ಟ್ಯಾಂಕರನ್ನು ಹಿಂದಿಕ್ಕಲು ಒತ್ತಿದೆ. ಎಂಜಿನ್ನಿನಿಂದ ತಗಡಿನ ಡಬ್ಬಿಯಲ್ಲಿ ಕಡಲೆಕಾಳು ಅಲ್ಲಾಡಿಸಿದಂಥ ಸದ್ದು ಬಂತು. ಕಾಲು ತೆಗೆದೆ, ನಿಂತಿತು. ಮತ್ತೆ ಒತ್ತಿದೆ, ಮತ್ತೆ ಬಂತು. ಸಕಲೇಶಪುರದಲ್ಲಿ ನಿಲ್ಲಿಸಿ ಫೋನ್ ಮಾಡಿದರೆ ಮಾಲೀಕರ ಉತ್ತರ: "ಪೆಟ್ರೋಲ್ ಸರಿ ಇಲ್ಲ ಸರ್, ಹೈವೇ ಬಂಕ್‌ಗಳಲ್ಲಿ ಹಾಕಿಸ್ಬೇಡಿ." ನಾನು ನಂಬಿದೆ. ಅಂದಿನಿಂದ ದುಬಾರಿ ಪ್ರೀಮಿಯಂ ಪೆಟ್ರೋಲನ್ನೇ ಹಾಕಿಸಿದೆ, ಅದರ ಲೆಕ್ಕ ಬೇರೆ ಇದೆ.

ಬಯಲಿಗೆ ಬಂದದ್ದು ಜನವರಿಯ ಒಂದು ಬೆಳಿಗ್ಗೆ. ಕಾರು ರಾತ್ರಿಯಿಡೀ ಮನೆಯ ಮುಂದೆ ಬಯಲಲ್ಲೇ ನಿಂತಿತ್ತು. ಆರು ಗಂಟೆಗೆ ಕೀ ಆನ್ ಮಾಡಿ, ಎಂಜಿನ್ ಇನ್ನೂ ಸ್ಟಾರ್ಟ್ ಮಾಡದೆ, ಸುಮ್ಮನೆ ಸ್ಕ್ಯಾನರ್ ತೆರೆದೆ. ಹೊರಗಿನ ಉಷ್ಣಾಂಶ 17. ಕೂಲಂಟ್ 17. ಎಂಜಿನ್ ಆಯಿಲ್ 17. ಇನ್‌ಟೇಕ್ ಗಾಳಿ 10. ಹತ್ತು ಗಂಟೆ ಅಲುಗಾಡದೆ ನಿಂತ ಕಾರಿನಲ್ಲಿ ಎಲ್ಲವೂ ಒಂದೇ ಉಷ್ಣಾಂಶಕ್ಕೆ ಬಂದಿರಬೇಕು. ಎಂಜಿನ್ನಿಗೆ ಗಾಳಿ ಹಂಚುವ ಕೊಳವೆಯಾದ ಮ್ಯಾನಿಫೋಲ್ಡಿನೊಳಗಿನ ಗಾಳಿಯೊಂದೇ ಏಳು ಡಿಗ್ರಿ ತಣ್ಣಗೆ ಕುಳಿತಿರಲು ಅಲ್ಲೇನು ಫ್ರಿಜ್ ಇದೆಯೇ? ಸೆನ್ಸರ್ ಕೆಟ್ಟಿದೆ ಎಂದುಕೊಂಡೆ. ಆಮೇಲೆ ಏಪ್ರಿಲ್‌ನ ಆ 28 ನೆನಪಾಯಿತು. ಆಫ್ ಮಾಡಿ ಮತ್ತೆ ಆನ್ ಮಾಡಿದೆ, 10. ಇನ್ನೊಮ್ಮೆ, 10. ಹಾಲಿನವನು ಬಂದು ಹೋದ, ನಾನು ಅದೇ ಅಂಕಿಯನ್ನು ನೋಡುತ್ತಾ ಕಾರಿನಲ್ಲೇ ಕುಳಿತಿದ್ದೆ.

ಅದೇ ದಿನ ಜೆ.ಸಿ. ರಸ್ತೆಯ ಬಳಿ ನನಗೆ ಪರಿಚಯವಿದ್ದ ಹಿರಿಯ ಮೆಕ್ಯಾನಿಕ್ ಒಬ್ಬರ ಹತ್ತಿರ ಹೋದೆ. ಅವರು ಮಾತೇ ಆಡದೆ ಮ್ಯಾನಿಫೋಲ್ಡ್ ಸೆನ್ಸರಿನ ಕನೆಕ್ಟರ್‌ನಿಂದ ಹಿಂದಕ್ಕೆ ವೈರಿನ ಮೇಲೆ ಬೆರಳಾಡಿಸುತ್ತಾ ಹೋಗಿ ಒಂದು ಕಡೆ ನಿಂತರು. ಕಂಪನಿಯ ಟೇಪಿನ ಮೇಲೆ ಬೇರೆ ಕಪ್ಪು ಟೇಪು ಸುತ್ತಿತ್ತು. ಬ್ಲೇಡಿನಿಂದ ಸೀಳಿ ಬಿಡಿಸಿದರೆ ಒಳಗೆ ಒಂದು ಪುಟ್ಟ ರೆಸಿಸ್ಟರ್: ಕಂದು, ಕಪ್ಪು, ಕೆಂಪು, ಕೊನೆಗೊಂದು ಚಿನ್ನದ ಬಣ್ಣದ ಗೆರೆ. ಒಂದು ಕಿಲೋ ಓಮ್. ಎಸ್.ಪಿ. ರಸ್ತೆಯಲ್ಲಿ ಚಿಲ್ಲರೆ ಕಾಸಿಗೆ ಸಿಗುವ ವಸ್ತು. "ಇದಾ ಸ್ವಾಮಿ ನಿಮ್ಮ ಕೂಲಿಂಗು?" ಎಂದರು. ಆ ಸೆನ್ಸರಿನ ರೋಧ ಬಿಸಿಯಾದಷ್ಟೂ ಇಳಿಯುತ್ತದೆ. ಸರಣಿಯಲ್ಲಿ ಒಂದು ಕಿಲೋ ಓಮ್ ಸೇರಿಸಿದರೆ ಇಸಿಯು ಗಾಳಿ ತಣ್ಣಗಿದೆ ಎಂದು ತಿಳಿಯುತ್ತದೆ, ಬಿಸಿ ಹೆಚ್ಚಿದ್ದಾಗ ಸುಳ್ಳೂ ಹೆಚ್ಚು ದೊಡ್ಡದಾಗುತ್ತದೆ. ಇಂಥ ಉಷ್ಣಾಂಶ ಸೆನ್ಸರಿನ, ಅಂದರೆ ಥರ್ಮಿಸ್ಟರಿನ, ಗ್ರಾಫನ್ನು ನಾನೇ ಕಾಲೇಜಿನ ಲ್ಯಾಬಿನಲ್ಲಿ ಕೈಯಾರೆ ಬರೆದಿದ್ದೇನೆ. ತಣ್ಣಗಿನ ಗಾಳಿ ಎಂದು ನಂಬಿದ ಇಸಿಯು ಟೈಮಿಂಗನ್ನು ಮುಂದಕ್ಕೆ ಕೊಟ್ಟಿದೆ (ಕಿಡಿಯನ್ನು ಬೇಗ ಹಾರಿಸಿದೆ), ಘಾಟಿಯಲ್ಲಿ ಕೇಳಿದ ಕಡಲೆಕಾಳು ಅದೇ. ಸ್ಪಾರ್ಕ್ ಪ್ಲಗ್ ಬಿಚ್ಚಿದಾಗ ಬಿಳಿ ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕಿಗಳಿದ್ದವು. ನಾಕ್ ಸೆನ್ಸರ್ ಇದ್ದುದರಿಂದ ಪಿಸ್ಟನ್ ಉಳಿದಿದೆ ಎಂದರು ಆ ಹಿರಿಯರು.

ಬಂಪರನ್ನೂ ಬಿಚ್ಚಿಸಿದೆ. ನನ್ನ ಕಾರಿನಲ್ಲಿ ಇಂಟರ್‌ಕೂಲರ್ ಎ.ಸಿ. ಕಂಡೆನ್ಸರಿನ ಹಿಂದೆ ಇರುವುದರಿಂದ ಮುಂದಿನ ಜಾಲರಿಯಲ್ಲಿ ಇಣುಕಿದರೆ ಏನೂ ಕಾಣುವುದಿಲ್ಲ. ಹೆಸರಿಲ್ಲದ ದಪ್ಪ ಕೋರ್ ಒಂದನ್ನು ಹಾಕಿದ್ದೇನೋ ನಿಜ, ಆದರೆ ಅದು ಕೂರಲಿಲ್ಲವೆಂದು ಗಾಳಿಗೆ ದಾರಿ ತೋರಿಸುವ ಎರಡೂ ಬದಿಯ ಪ್ಲಾಸ್ಟಿಕ್ ಹಲಗೆಗಳನ್ನೇ ಕಿತ್ತು ಎಸೆದಿದ್ದರು. ಎರಡು ಬೆರಳು ತೂರುವಷ್ಟು ಸಂದು. ಗಾಳಿ ಸುಲಭದ ದಾರಿ ಹಿಡಿದು ಸಂದಿನಲ್ಲೇ ಹೋಗುತ್ತದೆ, ದಟ್ಟವಾದ ಕೋರಿನೊಳಗೆ ಏಕೆ ನುಗ್ಗುತ್ತದೆ? ರೆಸಿಸ್ಟರ್ ತೆಗೆಸಿ ಅದೇ ರಸ್ತೆಯಲ್ಲಿ ಓಡಿಸಿದೆ: ಹೊರಗೆ 27, ಒಳಗೆ 51. ಏರಿಕೆ 24 ಡಿಗ್ರಿ. ಕಂಪನಿಯ ಹಳೆಯ ಇಂಟರ್‌ಕೂಲರಿನಲ್ಲೂ 34ರಿಂದ 58, ಅದೂ 24. ಒಂದು ಲಕ್ಷದ ಹನ್ನೆರಡು ಸಾವಿರಕ್ಕೆ ಒಂದು ಡಿಗ್ರಿಯೂ ಇಳಿದಿಲ್ಲ. ಬಹುಶಃ ಹಾಕಿ ನೋಡಿ, ಇಳಿಯಲಿಲ್ಲವೆಂದು ತಿಳಿದ ಮೇಲೆಯೇ ರೆಸಿಸ್ಟರಿನ ಕಡೆಗೆ ಕೈ ಹೋಗಿದೆ.

ಮಾಲೀಕರಿಗೆ ರೆಸಿಸ್ಟರಿನ ಫೋಟೊ ಕಳುಹಿಸಿದೆ. ಮೊದಲ ಉತ್ತರ, ಅದು ಸೆನ್ಸರ್ ಅಡಾಪ್ಟರ್, ದೊಡ್ಡ ಕೋರಿಗೆ ಬೇಕೇ ಬೇಕು ಎಂದು. ಯಾವ ಕಂಪನಿಯ ಅಡಾಪ್ಟರ್ ಎಂದು ಕೇಳಿದಾಗ ಎರಡು ದಿನ ಮೌನ. ಆಮೇಲೆ ಹುಡುಗರು ಮಾಡಿರಬೇಕು, ನನಗೆ ಗೊತ್ತಿಲ್ಲ ಎಂಬ ಉತ್ತರ. ನಾನು ಫೋನಿನಲ್ಲಿ ದನಿ ಎತ್ತಿದಾಗ ಬಂದ ಮಾತು ಇಂದಿಗೂ ಕಿವಿಯಲ್ಲಿದೆ: "ನಿಮಗೆ ಬೇಕಾಗಿದ್ದು ಟೆಂಪರೇಚರ್ ಕಡಿಮೆ ಆಗೋದು ತಾನೆ ಸರ್? ಮೀಟರ್‌ನಲ್ಲಿ ಕಡಿಮೆ ಆಗಿತ್ತಲ್ಲ? ಒಂಬತ್ತು ತಿಂಗಳು ಖುಷಿಯಾಗೇ ಓಡಿಸಿದ್ರಲ್ಲ?" ಹಣ ಹಿಂದಿರುಗಿಸಿ ಎಂದರೆ ಬಿಲ್ ಎಲ್ಲಿದೆ ಎಂದು ಕೇಳುತ್ತಾರೆ. ನನ್ನ ಇಂಟರ್‌ಕೂಲರನ್ನಾದರೂ ಕೊಡಿ ಎಂದರೆ ಗುಜರಿಯವನು ಒಯ್ದಾಯಿತು ಎನ್ನುತ್ತಾರೆ.

ಆದ್ದರಿಂದ ಇಷ್ಟು ಮಾಡಿ. ಬಿಲ್ ತೆಗೆದುಕೊಳ್ಳಿ, ಕಂಪನಿಯ ಹಳೆಯ ಭಾಗವನ್ನು ಡಿಕ್ಕಿಯಲ್ಲಿ ಹಾಕಿಸಿಕೊಂಡೇ ಮನೆಗೆ ಬನ್ನಿ. ಕೆಲಸ ಆದ ಮರುದಿನ ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಮಾಡುವ ಮೊದಲು ಹೊರಗಿನ ಗಾಳಿ, ಕೂಲಂಟ್, ಇನ್‌ಟೇಕ್ ಮೂರನ್ನೂ ಹೋಲಿಸಿ. ಒಂದೆರಡು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ವೈರು ಬಿಚ್ಚಿಸಿ. ಸಿಹಿಯಾಗಿ ಮಾತಾಡುವವರ ಕಾಫಿ ಕುಡಿಯಬೇಡಿ, ಇದು ನನ್ನ ಹೊಟ್ಟೆಯುರಿಯ ಸಲಹೆ.

ಇನ್ನು ಆ ಫೋಟೊ. ಏಪ್ರಿಲ್‌ನಲ್ಲಿ ನಾನೇ ಖುಷಿಯಿಂದ ಕಳುಹಿಸಿದ್ದು ಈಗಲೂ ಅವರ ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲಿ ವಾರಕ್ಕೊಮ್ಮೆ "ಗ್ರಾಹಕರ ಫಲಿತಾಂಶ" ಎಂಬ ಒಕ್ಕಣೆಯೊಂದಿಗೆ ಬರುತ್ತಿದೆ. ಫೋನಿನ ತೆರೆಯ ಮೇಲೆ ಇನ್‌ಟೇಕ್ 28, ಅದರ ಹಿಂದೆ ಕಾರಿನ ಡಿಸ್‌ಪ್ಲೇಯಲ್ಲಿ ಹೊರಗಿನ ಉಷ್ಣಾಂಶ 34, ಎರಡೂ ಒಂದೇ ಚಿತ್ರದಲ್ಲಿ ಸ್ಪಷ್ಟವಾಗಿವೆ. ಅದು ನಿಮ್ಮ ಕಣ್ಣಿಗೆ ಬಿದ್ದರೆ ಆ ಗ್ಯಾರೇಜು ಯಾವುದೆಂದು ನಾನು ಹೇಳಬೇಕಾಗಿಲ್ಲ. ತೆಗೆದುಹಾಕಿ ಎಂದು ಮೂರು ಸಲ ಕೇಳಿದ್ದೇನೆ. ಮೊನ್ನೆ ಬಂದ ಉತ್ತರ: "ಅದು ನೀವೇ ತೆಗೆದ ಫೋಟೊ ತಾನೆ ಸರ್?"