ಮೇಲಿನ ಮನೆಯ ಬಚ್ಚಲು, ಕೆಳಗಿನ ಮನೆಯ ಸೀಲಿಂಗು: ಡೊಂಬಿವಲಿಯ ಒಂದು ವಾಟರ್‌ಪ್ರೂಫಿಂಗ್ ತಂಡದ ಕೆಲಸ

ಮುಂಬಯಿ ಭಾಗದ ಡೊಂಬಿವಲಿ, ಠಾಣೆ, ಮುಲುಂಡ್ ಕಡೆಯ ಹಳೆಯ ಸೊಸೈಟಿಗಳಲ್ಲಿ (ಫ್ಲ್ಯಾಟ್ ಮಾಲೀಕರ ಸಂಘದ ಕಟ್ಟಡಗಳಲ್ಲಿ) ಎರಡು ಮನೆಗಳ ಮಾತು ನಿಲ್ಲುವುದು ಹೆಚ್ಚಾಗಿ ಬಚ್ಚಲುಮನೆಯ ಕಾರಣಕ್ಕೆ. ಕೆಳಗಿನವರ ಸೀಲಿಂಗಿನಲ್ಲಿ ಹಳದಿ ಕಲೆ ಬೀಳುತ್ತದೆ. ಮೇಲಿನವರು "ನಮ್ಮಲ್ಲೇನೂ ಸೋರುತ್ತಿಲ್ಲವಲ್ಲ" ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಅವರ ಟೈಲ್ಸ್ ಮೇಲೆ ಒಂದು ಹನಿಯೂ ನಿಂತಿರುವುದಿಲ್ಲ. ನೀರು ಇರುವುದು ಟೈಲ್ಸಿನ ಕೆಳಗಿನ ಕೋಬಾದಲ್ಲಿ, ಅಂದರೆ ಇಟ್ಟಿಗೆ ತುಂಡು ಮತ್ತು ಗಾರೆಯ ಪದರದಲ್ಲಿ. ತಾರಸಿ, ಹೊರಗೋಡೆ, ಸಾಮೂಹಿಕ ಪೈಪಿನ ಸೋರಿಕೆಯಾದರೆ ಖರ್ಚು ಸೊಸೈಟಿಯದು. ಬಚ್ಚಲು, ಸಿಂಕ್‌ನಂಥ ಒಳಗಿನ ಸೋರಿಕೆ ಆಯಾ ಮನೆಯವರದು. ಹಾಗಾಗಿ ಸೆಕ್ರೆಟರಿಯೂ ಕೈತೊಳೆದುಕೊಳ್ಳುತ್ತಾರೆ.

ಇಲ್ಲಿ ಹೇಳುತ್ತಿರುವುದು ವಿಜಯಪುರ ಕಡೆಯ ಮೇಸ್ತ್ರಿಗಳ ಸಣ್ಣ ತಂಡವೊಂದರ ಬಗ್ಗೆ. ನೋಡಿದ ಕೆಲಸ 5 ಅಡಿಗೆ 7 ಅಡಿಯ ಬಚ್ಚಲು. ಇವರು ಬಳಸುವ ಕೆಮಿಕಲ್ ಡೊಂಬಿವಲಿಯ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಬೇರೆಯವರಿಗಿಂತ ಇವರು ಭಿನ್ನವಾಗಿರುವುದು ಯಾರಿಗೆ, ಯಾವಾಗ, ಏನು ಹೇಳುತ್ತಾರೆ ಎಂಬುದರಲ್ಲಿ.

ಮೊದಲ ಭೇಟಿಯಲ್ಲಿ ಒಂದು ಟೈಲೂ ಒಡೆಯುವುದಿಲ್ಲ. ಮೂರು ಪರೀಕ್ಷೆ ಮಾಡುತ್ತಾರೆ. ನಲ್ಲಿ ಪೈಪುಗಳಿಗೆ ಹ್ಯಾಂಡ್‌ಪಂಪಿನಿಂದ ಒತ್ತಡ ಕೊಟ್ಟು ಗೇಜಿನ ಮುಳ್ಳು ಇಳಿಯುತ್ತದೆಯೇ ನೋಡುವುದು ಮೊದಲನೆಯದು; ಇಳಿದರೆ ತಪ್ಪು ಪೈಪಿನದು. ಆಮೇಲೆ ನಹಾನಿ ಟ್ರ್ಯಾಪಿಗೆ (ನೆಲದ ನೀರು ಹೋಗುವ ಕಿಂಡಿಗೆ) ಮಾತ್ರ ಬಣ್ಣದ ನೀರು ಸುರಿಯುತ್ತಾರೆ. ಕೆಳಗೆ ಆ ಬಣ್ಣ ಕಂಡರೆ ಟ್ರ್ಯಾಪೋ ಅದರ ಜೋಡಣೆಯೋ ಬಿರುಕು ಬಿಟ್ಟಿದೆ. ಕೊನೆಗೆ ಟ್ರ್ಯಾಪ್ ಮುಚ್ಚಿ ನೆಲದ ಮೇಲೆ ಒಂದು ಇಂಚು ನೀರು 24 ಗಂಟೆ ನಿಲ್ಲಿಸುತ್ತಾರೆ. ಕಲೆ ಆಗ ಮಾತ್ರ ದೊಡ್ಡದಾದರೆ ದೋಷ ಟೈಲ್ಸ್ ಸಂದಿನಲ್ಲೋ ಕೋಬಾದಲ್ಲೋ ಇದೆ.

ಪ್ರತಿ ಪರೀಕ್ಷೆಯ ಫೋಟೋ, ಸಮಯದ ಜೊತೆ, ಎರಡೂ ಮನೆಗಳಿರುವ ಒಂದೇ ವಾಟ್ಸಾಪ್ ಗುಂಪಿಗೆ ಹೋಗುತ್ತದೆ. ಚಿಕ್ಕ ವಿಷಯ ಅನ್ನಿಸಬಹುದು. ಆದರೆ ಈ ಧಂದೆಯ ರೂಢಿ ಬೇರೆಯೇ ಇದೆ: ಮೇಲಿನವರ ಹತ್ತಿರ "ಬರೀ ಗ್ರೌಟಿಂಗ್ (ಟೈಲ್ಸ್ ಸಂದು ತುಂಬುವುದು) ಸಾಕು" ಅನ್ನುವುದು, ಕೆಳಗಿನವರ ಹತ್ತಿರ "ಸ್ಲ್ಯಾಬೇ ಹೋಗಿದೆ" ಅನ್ನುವುದು, ಎರಡೂ ಕಡೆ ಕೆಲಸ ಗಿಟ್ಟಿಸುವುದು. ಎರಡು ತಿಂಗಳ ಮೇಲೆ ಲಿಫ್ಟಿನಲ್ಲಿ ಆ ಎರಡು ಮಾತು ಎದುರಾದಾಗ ಗುತ್ತಿಗೆದಾರ ಫೋನ್ ಎತ್ತುವುದಿಲ್ಲ, ನೆರೆಯವರು ಮುಖ ನೋಡುವುದಿಲ್ಲ.

ಕೊಟೇಶನ್ ಎರಡು ಭಾಗದಲ್ಲಿ ಬರುತ್ತದೆ. ಖಚಿತವಾದದ್ದು ಒಂದು ಕಡೆ: ಟೈಲ್ಸ್ ಮತ್ತು ಕೋಬಾ ಒಡೆಯುವುದು, ಕೋಟಿಂಗ್, ಹೊಸ ಕೋಬಾ, ಟೈಲ್ಸ್, ಗ್ರೌಟು, ಒಡೆದ ರ‍್ಯಾಬಿಟ್ (ಚೂರು, ಮಣ್ಣು) ಹೊರಲು ಚೀಲಕ್ಕೆ ಇಷ್ಟು. ಒಡೆದ ಮೇಲಷ್ಟೇ ತಿಳಿಯುವುದು ಇನ್ನೊಂದು ಕಡೆ: ಟ್ರ್ಯಾಪ್ ಬದಲಾಯಿಸಬೇಕಾದರೆ ಇಷ್ಟು, ಸ್ಲ್ಯಾಬಿನ ಕಬ್ಬಿಣ ತುಕ್ಕು ಹಿಡಿದಿದ್ದರೆ ಅಡಿಗೆ ಇಷ್ಟು. "ಅದು ಒಡದ ಮ್ಯಾಲೇ ಗೊತ್ತಾಗೂದ್ರಿ ಅಕ್ಕಾರ, ಈಗ ಹೇಳಿದ್ರ ಸುಳ್ಳಾಗ್ತೈತಿ" ಎನ್ನುವ ಸೂಪರ್‌ವೈಸರ್ ಮಾತು ಕೇಳಿ ಕೆಲವರು ಹಿಂಜರಿಯುತ್ತಾರೆ, "ಕಂಪ್ಲೀಟ್ ವಾಟರ್‌ಪ್ರೂಫಿಂಗ್, ಒಟ್ಟು ಇಷ್ಟು" ಎಂದು ಒಂದೇ ಸಾಲಿನಲ್ಲಿ ಬರೆದುಕೊಡುವವರ ಕಡೆ ಹೋಗುತ್ತಾರೆ. ಕೆಲಸದ ನಡುವೆ ಜಗಳ ಹುಟ್ಟುವುದು ಆ ಒಂದೇ ಸಾಲಿನಿಂದ.

ಕೆಲಸ ಕ್ರಮವಾಗಿದೆ. ಸ್ಲ್ಯಾಬ್ ತನಕ ಒಡೆದು ತೊಳೆದು, ಟ್ರ್ಯಾಪಿನ ಸುತ್ತ ಗಾಡಿ (ಸಣ್ಣ ತೋಡು) ಕೊರೆದು ಕುಗ್ಗದ ಗ್ರೌಟು ತುಂಬುತ್ತಾರೆ. ಗೋಡೆ ನೆಲ ಸೇರುವ ಮೂಲೆಗೆ ಸಿಮೆಂಟಿನ ವಾಟಾ (ಮೂಲೆ ತುಂಬುವ ಇಳಿಜಾರು ಪಟ್ಟಿ) ಹೊಡೆಯುತ್ತಾರೆ. ಅದು ಇಲ್ಲದಿದ್ದರೆ ಕೋಟಿಂಗ್ ಮೊದಲು ಸೀಳುವುದು ಅಲ್ಲೇ. ಆಮೇಲೆ ಪಾಲಿಮರ್ ಕೋಟಿಂಗ್ ಎರಡು ಸಲ, ಎರಡನೆಯದು ಮೊದಲನೆಯದಕ್ಕೆ ಅಡ್ಡಡ್ಡವಾಗಿ. ಲಿಕ್ವಿಡ್ ಡಬ್ಬ, ಪೌಡರ್ ಚೀಲ ಎರಡನ್ನೂ ಬೆರೆಸುವ ಮೊದಲು ತೆರೆದು ಫೋಟೋ ಕಳಿಸುತ್ತಾರೆ. ಈ ಹಂತದಲ್ಲಿ ಕಳ್ಳತನ ನಡೆಯುವುದು ನೀರು ಬೆರೆಸಿ, ಒಂದು ಡಬ್ಬವನ್ನು ಎರಡು ಬಚ್ಚಲಿಗೆ ಎಳೆಯುವುದರಿಂದ. ಕೋಟಿಂಗ್ ಶವರ್ ಗೋಡೆಗೆ ಆರಡಿ ಎತ್ತರದ ತನಕ, ಉಳಿದ ಗೋಡೆಗೆ ಒಂದಡಿ. ಒಣಗಿದ ಮೇಲೆ ಮತ್ತೆ ನೀರು ನಿಲ್ಲಿಸುತ್ತಾರೆ, ಈ ಸಲ 48 ಗಂಟೆ. ಆಮೇಲೆ ಹಾಕುವ ಹೊಸ ಕೋಬಾದ ಇಟ್ಟಿಗೆ ತುಂಡುಗಳನ್ನು ಮೊದಲೇ ನೆನೆಸಿಡುತ್ತಾರೆ, ಇಲ್ಲವಾದರೆ ಅವು ಗಾರೆಯ ನೀರನ್ನೇ ಹೀರಿ ಗಾರೆ ಪುಡಿಪುಡಿಯಾಗುತ್ತದೆ. ಟ್ರ್ಯಾಪಿನ ಕಡೆಗೆ ಇಳಿಜಾರು ಅಡಿಗೆ ಸುಮಾರು 1/8 ಇಂಚು. ಟೈಲ್ಸ್ ಸಂದಿಗೆ ಎಪಾಕ್ಸಿ ಗ್ರೌಟು.

ಹಣ ಕೊಡುವುದು 30-30-30-10ರ ಲೆಕ್ಕದಲ್ಲಿ. ಮೂರನೆಯ ಕಂತು 48 ಗಂಟೆಯ ನೀರು ಪರೀಕ್ಷೆ ಗೆದ್ದ ಮೇಲೆ, ಕೊನೆಯ ಹತ್ತು ಬಚ್ಚಲು ಬಳಸಲು ಶುರುಮಾಡಿದ ಮೇಲೆ. ಪ್ರತಿ ಸಂಜೆ ಮೂರು ಸಾಲಿನ ಮೆಸೇಜು: ಇವತ್ತು ಆದದ್ದು, ನಾಳೆ ಆಗುವುದು, ನಾಳೆ ನೀರು ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನ ತನಕ ಬಂದ್. ಆ ಕೊನೆಯ ಸಾಲು ವಯಸ್ಸಾದವರಿರುವ ಮನೆಗೆ ಗ್ಯಾರಂಟಿ ಕಾರ್ಡಿಗಿಂತ ಹೆಚ್ಚು. ಟ್ರ್ಯಾಪಿನಲ್ಲಿ ಬಿರುಕು ಸಿಕ್ಕ ದಿನ ಖರ್ಚು ಏರುತ್ತದೆಂಬ ಸುದ್ದಿಯೂ ಅದೇ ಸಂಜೆ ಬಂತು, ಬಿಲ್ಲಿನ ಜೊತೆಗಲ್ಲ.

ಕೊರತೆಗಳಿವೆ. ಲೆಕ್ಕಾಚಾರದ ಮಾತನ್ನೂ ಕೆಲವೊಮ್ಮೆ ವಾಯ್ಸ್ ನೋಟಿನಲ್ಲಿ ಹೇಳಿಬಿಡುತ್ತಾರೆ. ಆಮೇಲೆ ಹುಡುಕಲು ಆಗುವುದಿಲ್ಲ. ಮೊತ್ತ, ತಾರೀಖು ಬರಹದಲ್ಲೇ ಕೊಡಿ ಎಂದು ಮೊದಲೇ ಹೇಳಿ. ಹೊರಗೋಡೆಯ ಕೆಲಸ ಇವರು ಮುಟ್ಟುವುದಿಲ್ಲ. ಐದು ವರ್ಷದ ಗ್ಯಾರಂಟಿ ಕಾರ್ಡಿನಲ್ಲಿ ನೆಲಕ್ಕಾಗಲಿ ಗೋಡೆಯ ಕೆಳಭಾಗಕ್ಕಾಗಲಿ ಆಮೇಲೆ ಡ್ರಿಲ್ ಹೊಡೆದರೆ ರದ್ದು ಎಂದಿದೆ, ನ್ಯಾಯವೇ. ಆದರೆ ಮುಖ್ಯವಾದ ಒಂದು ಮಾತು ಅದರಲ್ಲಿಲ್ಲ: ಕೆಲಸ ಮುಗಿದ ಮೇಲೂ ಸ್ಲ್ಯಾಬಿನೊಳಗೆ ಕುಡಿದು ಕೂತ ನೀರು ಕೆಲವು ವಾರ ಕೆಳಗೆ ಜಿನುಗಬಹುದು. ಇದನ್ನು ಮೊದಲೇ ಹೇಳದೆ ಬಿಟ್ಟದ್ದರಿಂದ, ಕೆಲಸ ಚೆನ್ನಾಗಿದ್ದರೂ ಕೆಳಗಿನ ಮನೆಯವರು "ದುಡ್ಡು ನೀರಲ್ಲಿ ಹೋಯ್ತು" ಅಂದುಕೊಂಡರು. ಕಲೆಯ ಸುತ್ತ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ. ಕಲೆ ಗೆರೆ ದಾಟದೆ ಒಳಗೇ ಕುಗ್ಗುತ್ತಿದ್ದರೆ ಅದು ಹಳೆಯ ನೀರು. ಪೂರ್ತಿ ಒಣಗುವ ತನಕ ಸೀಲಿಂಗಿಗೆ ಬಣ್ಣ ಹೊಡೆಸಬೇಡಿ, ಹೊಡೆಸಿದರೆ ಪದರವಾಗಿ ಉದುರುತ್ತದೆ.

ಮುಂಬಯಿಗೆ ಮಳೆ ಕಾಲಿಡುವುದು ಸಾಮಾನ್ಯವಾಗಿ ಜೂನ್ 11ರ ಸುಮಾರಿಗೆ. ಒಡೆಯುವುದು, ಒಣಗಿಸುವುದು, ನೀರು ನಿಲ್ಲಿಸುವುದು ಎಲ್ಲ ಸೇರಿ ಎರಡು ವಾರವಾದರೂ ಬೇಕು. ಮೇ ಮಧ್ಯದ ಮೇಲೆ ಕೇಳಿದರೆ "ಈಗ ಬ್ಯಾಡ್ರಿ, ದೀಪಾವಳಿ ಆದ ಮ್ಯಾಲೆ ನೋಡೂಣು" ಅನ್ನುತ್ತಾರೆ. ಮಾರ್ಚಿನಲ್ಲೇ ಫೋನ್ ಮಾಡಿ, ಕೆಳಗಿನ ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು.